15 ಡಾಲರಿನ ಕಂಬಿ

ಸಕಲೇಶಪುರದ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ನಿಂತಿರ್ತಿತ್ತು. ನಾನು ನೋಡುವ ಹೊತ್ತಿಗೆ ಅದು ಓಡೋದನ್ನ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡ್ತಿದ್ದವು. 2004ರ ಬೇಸಿಗೆ ರಜೆಯಲ್ಲಿ ಯಾರೋ ಅದನ್ನ ಕೊಳ್ಳೋಕೆ ಅಂತ ಹಾಸನದಿಂದ ಬಂದರು. ಟೈರು ಬದಲಿಸಿ ಎಳೆದುಕೊಂಡು ಹೋಗಬೇಕಿತ್ತು, ಅದಕ್ಕೆ ಜಾಕ್ ಕೊಟ್ಟು ಹಿಂಭಾಗ ಎತ್ತಿದರು. ಎತ್ತಿದ್ದೇ ತಡ, ಹಿಂದಿನ ಎರಡೂ ಚಕ್ರಗಳ ತಳ ಒಳಕ್ಕೆ ಮಡಚಿಕೊಂಡುಬಿಡ್ತು. ಕೋಳಿಯನ್ನ ಎತ್ತಿ ಹಿಡಿದಾಗ ಅದು ಕಾಲು ಒಳಗೆ ಎಳ್ಕೊಳ್ಳುತ್ತಲ್ಲ, ಥೇಟ್ ಹಾಗೆ. "ಚಕ್ರ ಮುರೀತು!" ಅಂತ ನಾನು ಕಿರುಚಿದೆ. ಎಲ್ಲರೂ ನಕ್ಕರು. "ಅದು ಇರೋದೇ ಹಾಗೆ ಕಣೋ" ಅಂದರು ದೊಡ್ಡಪ್ಪ.

ಇರೋದೇ ಹಾಗೆ ಯಾಕೆ ಅಂತ ಅವತ್ತು ಯಾರೂ ಹೇಳಲಿಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವಾಗ ಸಿಲೆಬಸ್ಸಿನ ಯಾವುದೋ ಮೂಲೆಯಲ್ಲಿ 'ಸ್ವಿಂಗ್ ಆಕ್ಸಲ್' ಅನ್ನೋ ಪದ ಬಂತು, ಒಂದು ಚಿತ್ರ ಬರೆದು ನಾಲ್ಕು ಮಾರ್ಕ್ಸ್ ತಗೊಂಡು ಮರೆತೆ. ಆಮೇಲೆ ಎಲ್ಲರ ಹಾಗೆ ಸಾಫ್ಟ್‌ವೇರಿಗೆ ಬಂದೆ. ಈಗ ಮತ್ತೆ ನೆನಪಾಗೋಕೆ ಕಾರಣ ನನ್ನ ಸೆಕೆಂಡ್ ಹ್ಯಾಂಡ್ ಸೆಡಾನು.

ಹತ್ತು ವರ್ಷದ ಕಾರು ಅದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಪರವಾಗಿಲ್ಲ, ಆದರೆ ಚಾರ್ಮಾಡಿಯಲ್ಲಿ ಇಳಿಯುವಾಗ ಪ್ರತಿ ತಿರುವಿನಲ್ಲೂ ದೋಣಿ ಹಾಗೆ ವಾಲುತ್ತೆ. ಸರಿ, ಸಸ್ಪೆನ್ಷನ್ ಅಪ್‌ಗ್ರೇಡ್ ಮಾಡಿಸೋಣ ಅಂತ ಹೊರಟೆ. ಗ್ಯಾರೇಜಿನವನೊಬ್ಬ ಕಾರನ್ನ ತಗ್ಗಿಸುವ ಸ್ಪ್ರಿಂಗ್ ಹಾಕ್ಸಿ ಸಾರ್, ರೋಡಿಗೆ ಅಂಟ್ಕೊಂಡು ಹೋಗುತ್ತೆ ಅಂದ. ಹಾಕ್ಸಿದೆ. ಅದರ ಕಥೆ ಕೊನೆಗೆ ಹೇಳ್ತೀನಿ. ಹಾಗೆ ಹಾಕ್ಸಿ ಬೇಸ್ತು ಬಿದ್ದ ಮೇಲೆ ರಾತ್ರಿ ಎಲ್ಲ ಕೂತು ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಅರವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಸಾವಿರಾರು ಜನ ತಮ್ಮ ಸೆಡಾನುಗಳಿಗೆ ಇದೇ ಕೆಲಸ ಮಾಡಿಸ್ತಿದ್ದರು ಅಂತ ಗೊತ್ತಾಯ್ತು. ನನ್ನ ಹಾಗೆ ಶೋಕಿಗಲ್ಲ, ಹಲವರು ಜೀವದ ಭಯಕ್ಕೆ. ಆ ಕಾರಿನ ಹೆಸರು ಶೆವ್ರೊಲೆ ಕೊರ್ವೇರ್. ಅದರ ಹಿಂದಿನ ಚಕ್ರಗಳೂ ಜಾಕ್ ಕೊಟ್ಟರೆ ದೊಡ್ಡಪ್ಪನ ಹೆರಾಲ್ಡಿನ ಹಾಗೇ ಒಳಕ್ಕೆ ಮಡಚಿಕೊಳ್ತಿದ್ದವು.

1950ರ ದಶಕದ ಕೊನೆಗೆ ಅಮೆರಿಕದ ಕಾರುಗಳೆಂದರೆ ಹಡಗುಗಳು. ಉದ್ದ, ಅಗಲ, ಹಿಂದೆ ರೆಕ್ಕೆ, ಮೈತುಂಬಾ ಕ್ರೋಮ್. ಅದರ ಮಧ್ಯೆ ಜರ್ಮನಿಯ ಪುಟ್ಟ ಫೋಕ್ಸ್‌ವ್ಯಾಗನ್ ಬೀಟಲ್ ಬಂದು ಸದ್ದಿಲ್ಲದೆ ಮಾರಾಟ ಆಗ್ತಿತ್ತು. ಅದಕ್ಕೆ ಉತ್ತರ ಅಂತ ಫೋರ್ಡ್‌ನವರು ಫಾಲ್ಕನ್ ಮಾಡಿದರು, ಕ್ರೈಸ್ಲರ್‌ನವರು ವೇಲಿಯಂಟ್ ಮಾಡಿದರು. ಎರಡೂ ದೊಡ್ಡ ಕಾರನ್ನೇ ಒಗೆದು ಕುಗ್ಗಿಸಿದ ಹಾಗಿದ್ದವು, ಎಂಜಿನ್ ಮುಂದೆ, ಹಿಂದೆ ಗಟ್ಟಿ ಆಕ್ಸಲ್. ಜನರಲ್ ಮೋಟರ್ಸ್‌ನ ಶೆವ್ರೊಲೆ ವಿಭಾಗದ ಮುಖ್ಯಸ್ಥ ಎಡ್ ಕೋಲ್ ಮಾತ್ರ ಬೇರೆ ದಾರಿ ಹಿಡಿದ. ಅವನು ಮೂಲತಃ ಎಂಜಿನಿಯರ್. ಎಂಜಿನ್ ಹಿಂದೆ, ಅದಕ್ಕೆ ನೀರಿಲ್ಲ ರೇಡಿಯೇಟರಿಲ್ಲ, ಗಾಳಿಯಿಂದಲೇ ತಂಪು. ಅಲ್ಯೂಮಿನಿಯಂ ಮೈ, ಎದುರುಬದುರು ಮಲಗಿದ ಆರು ಸಿಲಿಂಡರ್. ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್. 1959ರ ಅಕ್ಟೋಬರಿನಲ್ಲಿ ಕಾರು ಹೊರಬಂತು, ನಾಲ್ಕು ಬಾಗಿಲಿನ ಸೆಡಾನು. ಅದೇ ತಿಂಗಳು ಕೋಲ್ 'ಟೈಮ್' ಪತ್ರಿಕೆಯ ಮುಖಪುಟದಲ್ಲಿದ್ದ. 'ಮೋಟರ್ ಟ್ರೆಂಡ್' ಪತ್ರಿಕೆ 1960ರ ವರ್ಷದ ಕಾರು ಅಂತ ಇದನ್ನೇ ಆರಿಸಿತು. ನಿಜ ಹೇಳಬೇಕೆಂದರೆ ಫೋಟೋ ನೋಡಿದರೆ ಈಗಲೂ ಆಸೆ ಆಗುತ್ತೆ. ಎಷ್ಟು ನೇರ, ಎಷ್ಟು ಚೊಕ್ಕ!

ಇಲ್ಲಿ ಸ್ವಲ್ಪ ಪಾಠ. ಬೋರಾದರೆ ಮೂರು ಪ್ಯಾರಾ ಹಾರಿಸಿ ಮುಂದೆ ಹೋಗಿ :)

ಎದ್ದು ನಿಂತು ಎರಡೂ ಕೈಗಳನ್ನ ಅಕ್ಕಪಕ್ಕಕ್ಕೆ ಚಾಚಿ. ಎರಡೂ ಕಡೆಯಿಂದ ಬರ್ತಿರೋ ಬಸ್ಸುಗಳನ್ನ "ನಿಲ್ಲಿಸಿ" ಅನ್ನೋ ಹಾಗೆ ಅಂಗೈಗಳನ್ನ ನೆಟ್ಟಗೆ ಎತ್ತಿ ಹಿಡಿಯಿರಿ. ನಿಮ್ಮ ಎದೆ ಡಿಫರೆನ್ಷಿಯಲ್, ಕೈ ಆಕ್ಸಲ್, ಅಂಗೈ ಚಕ್ರ. ಭುಜದಲ್ಲಿ ಮಾತ್ರ ಕೀಲು, ಮಣಿಕಟ್ಟಿನಲ್ಲಿ ಇಲ್ಲ. ಇದೇ ಸ್ವಿಂಗ್ ಆಕ್ಸಲ್. ಈಗ ಕೈಗಳನ್ನ ಸ್ವಲ್ಪ ಕೆಳಗೆ ಇಳಿಸಿ, ಮಣಿಕಟ್ಟು ಅಲ್ಲಾಡಿಸಬೇಡಿ. ಅಂಗೈಗಳ ತಳ ಒಳಗೆ ಬಂತು, ಬೆರಳು ಹೊರಗೆ ಹೋಯ್ತು ಅಲ್ವಾ? ಕಾರಿನ ಹಿಂಭಾಗ ಮೇಲೆದ್ದರೆ ಚಕ್ರಕ್ಕೆ ಆಗೋದು ಇದೇ. ಟೈರು ಪೂರ್ತಿ ಅಗಲವಾಗಿ ನೆಲದ ಮೇಲೆ ಕೂರೋದು ಬಿಟ್ಟು ಅಂಚಿನ ಮೇಲೆ ನಿಲ್ಲುತ್ತೆ.

ಜಾಕ್ ಹಾಕಿದಾಗ ಹೀಗಾದರೆ ತಪ್ಪೇನಿಲ್ಲ. ತಿರುವಿನಲ್ಲಿ ಆದರೆ? ಜೋರಾಗಿ ತಿರುಗುವಾಗ ಹೊರಗಿನ ಹಿಂಚಕ್ರದ ಮೇಲೆ ಭಾರ ಬೀಳುತ್ತೆ. ರಸ್ತೆ ಆ ಟೈರನ್ನ ಕಾರಿನ ಕಡೆಗೆ ಒಳಕ್ಕೆ ತಳ್ಳುತ್ತೆ. ಟೈರು ಕೆಳಗಿದೆ, ಭುಜದ ಕೀಲು ಮೇಲಿದೆ. ಹಾಗಾಗಿ ಆ ತಳ್ಳು ಕೀಲನ್ನ ಮೇಲಕ್ಕೆ ಎತ್ತುತ್ತೆ. ಕೋಲು ಊರಿ ಜಿಗಿಯುವವನನ್ನ ಕೋಲು ಎತ್ತುತ್ತಲ್ಲ, ಹಾಗೆ. ಕಾರು ತನಗೆ ತಾನೇ ಜಾಕ್ ಹಾಕ್ಕೊಂಡ ಹಾಗೆ ಆಯ್ತು. ಇದಕ್ಕೆ ಎಂಜಿನಿಯರುಗಳು ಇಟ್ಟಿರೋ ಹೆಸರೂ ಜಾಕಿಂಗ್ ಅಂತಲೇ. ಹಿಂಭಾಗ ಏಳುತ್ತೆ, ಚಕ್ರ ಮಡಚಿಕೊಳ್ಳುತ್ತೆ, ಹಿಡಿತ ಥಟ್ಟನೆ ಹೋಗುತ್ತೆ, ಕಾರಿನ ಬಾಲ ಹೊರಕ್ಕೆ ಬೀಸುತ್ತೆ. ಕೊರ್ವೇರಿನ ತೂಕದಲ್ಲಿ 60%ಗಿಂತ ಹೆಚ್ಚು ಹಿಂದೆಯೇ ಇತ್ತು. ಆ ಬಾಲ ಒಮ್ಮೆ ಬೀಸಿದರೆ ಸಾಮಾನ್ಯ ಡ್ರೈವರ್ ಕೈಗೆ ಸಿಗೋದು ಕಷ್ಟ. ಹೆದರಿ ಆಕ್ಸಿಲರೇಟರ್ ಬಿಟ್ಟರೆ ಇನ್ನೂ ಕೆಟ್ಟದ್ದು, ಭಾರ ಮುಂದಕ್ಕೆ ಹೋಗಿ ಹಿಂಭಾಗ ಇನ್ನಷ್ಟು ಹಗುರಾಗಿ ಏಳುತ್ತೆ.

ಇದಕ್ಕೆ ಅಗ್ಗದ ಮದ್ದು ಒಂದಿದೆ, ಆಂಟಿ ರೋಲ್ ಬಾರ್. ಎಡ ಬಲ ಚಕ್ರಗಳನ್ನ ಜೋಡಿಸುವ, ಎರಡು ತುದಿ ಬಾಗಿಸಿದ ಉಕ್ಕಿನ ಕಂಬಿ, ಅಷ್ಟೇ. ಕಾರು ವಾಲೋಕೆ ಹೋದಾಗ ಅದು ತಿರುಚಿಕೊಂಡು ತಡೆಯುತ್ತೆ. ಕೊರ್ವೇರಿನ ಸಮಸ್ಯೆ ಹಿಂದಿದ್ದರೂ ಈ ಕಂಬಿ ಬೇಕಾಗಿದ್ದು ಮುಂದೆ. ನನಗೂ ಮೊದಲು ಇದು ತಲೆಗೆ ಹೋಗಲಿಲ್ಲ. ವಾಲುವಿಕೆಯನ್ನ ತಡೆಯುವ ಕೆಲಸವನ್ನ ಮುಂದಿನ ಚಕ್ರಗಳು ಹೆಚ್ಚು ಹೊತ್ತುಕೊಂಡರೆ ಹಿಂದಿನ ಹೊರಚಕ್ರಕ್ಕೆ ಬೀಳುವ ಪಾಲು ಕಡಿಮೆ ಆಗುತ್ತೆ. ಆಗ ಮೊದಲು ಜಾರೋದು ಮುಂದಿನ ಚಕ್ರ. ಕಾರು ತಿರುಗಬೇಕಾದ್ದಕ್ಕಿಂತ ಕಡಿಮೆ ತಿರುಗುತ್ತೆ, ಡ್ರೈವರಿಗೆ ಮುನ್ಸೂಚನೆ ಸಿಗುತ್ತೆ, ನಿಧಾನ ಮಾಡಿದರೆ ದಾರಿಗೆ ಬರುತ್ತೆ. ಅಂಡರ್‌ಸ್ಟಿಯರ್ ಅನ್ನೋದು ಇದನ್ನೇ. ಬಾಲ ಬೀಸೋದು ಓವರ್‌ಸ್ಟಿಯರ್.

ಕೊರ್ವೇರಿನಲ್ಲಿ ಆ ಕಂಬಿಯನ್ನ ಹಾಕಲಿಲ್ಲ. ಖರ್ಚು ಉಳಿಸಲು ಬಿಟ್ಟರು. ಮತ್ತೆ ಬಾಲ ಬೀಸೋದನ್ನ ತಡೆಯೋಕೆ ಏನು ಮಾಡಿದರು ಅಂತ ಕೇಳಿ. ಮುಂದಿನ ಟೈರಿಗೆ 15 ಪಿಎಸ್ಐ ಗಾಳಿ, ಹಿಂದಿನ ಟೈರಿಗೆ 26 ಪಿಎಸ್ಐ ಗಾಳಿ ತುಂಬಿ ಅಂತ ಮ್ಯಾನ್ಯುಯಲ್ಲಿನಲ್ಲಿ ಬರೆದರು! ಮುಂದಿನ ಟೈರು ಮೆತ್ತಗಿದ್ದರೆ ಅದೇ ಮೊದಲು ಜಾರುತ್ತೆ, ಕಾರು ಅಂಡರ್‌ಸ್ಟಿಯರ್ ಆಗುತ್ತೆ. ಲೆಕ್ಕ ಸರಿ. ಲೆಕ್ಕ ಸರಿಯಾಗಿಯೇ ಇತ್ತು, ಅದೇ ನೋವಿನ ವಿಷಯ.

ನಮ್ಮ ಫೀಲ್ಡಿನಲ್ಲಿ ಇರೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಕೋಡಿನಲ್ಲಿ ಬಗ್ ಇದೆ, ರಿಲೀಸ್ ಡೇಟು ಹತ್ತಿರ ಬಂದಿದೆ. ಸರಿ ಮಾಡೋ ಬದಲು ಡಾಕ್ಯುಮೆಂಟಿನ ನಲವತ್ತನೇ ಪುಟದಲ್ಲಿ "ಬಳಕೆದಾರರು ಈ ಸೆಟ್ಟಿಂಗ್ ಹೀಗೇ ಇಡತಕ್ಕದ್ದು" ಅಂತ ಒಂದು ಸಾಲು ಬರೆದು ಟಿಕೆಟ್ ಮುಚ್ಚೋದು. ನಾನೂ ಮುಚ್ಚಿದ್ದೀನಿ, ಸುಳ್ಳು ಯಾಕೆ ಹೇಳಲಿ. ನನ್ನ ಬಗ್ಗಿನಿಂದ ಯಾರದೋ ರಿಪೋರ್ಟಿನ ಟೋಟಲ್ ತಪ್ಪಾಗುತ್ತೆ ಅಷ್ಟೇ. ಇಲ್ಲಿ ಹಾಗಲ್ಲ. ಪೆಟ್ರೋಲ್ ಬಂಕಿನ ಹುಡುಗನಿಗೆ ಕೊರ್ವೇರಿನ ಮ್ಯಾನ್ಯುಯಲ್ ಗೊತ್ತಾ? ಬೇರೆ ಕಾರುಗಳಲ್ಲಿ ಮುಂದೆ ಹಿಂದೆ ಇಷ್ಟು ವ್ಯತ್ಯಾಸ ಇರ್ತಿರಲಿಲ್ಲ. 15 ಪಿಎಸ್ಐ ಇರೋ ಟೈರನ್ನ ನೋಡಿದರೆ ಯಾರಿಗಾದರೂ ಗಾಳಿ ಹೋಗಿದೆ ಅಂತಲೇ ಅನ್ಸುತ್ತೆ, ಪಾಪ ಒಳ್ಳೆ ಮನಸ್ಸಿನಿಂದಲೇ ನಾಲ್ಕಕ್ಕೂ ಸಮ ಮಾಡಿ ಕಳಿಸ್ತಾನೆ. ಮಾಲೀಕನಿಗೂ ಗೊತ್ತಾಗಲ್ಲ. ಮುಂದಿನ ತಿರುವಿನ ತನಕ.

ಜನರಲ್ ಮೋಟರ್ಸ್‌ಗೆ ಇದು ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. ಅವರಲ್ಲೇ ಮಾರಿಸ್ ಓಲಿ ಅಂತ ಒಬ್ಬ ಎಂಜಿನಿಯರ್ ಇದ್ದ. ಇಂಗ್ಲಿಷಿನವನು, ರೋಲ್ಸ್ ರಾಯ್ಸ್‌ನಿಂದ 1930ರಲ್ಲಿ ಕ್ಯಾಡಿಲಾಕ್‌ಗೆ ಬಂದವನು. ಕಾರಿನ ಸವಾರಿ ಯಾಕೆ ಹಿತವಾಗಿರುತ್ತೆ ಯಾಕೆ ಇರಲ್ಲ ಅಂತ ತಿಳಿಯೋಕೆ ಒಂದು ದೊಡ್ಡ ಕ್ಯಾಡಿಲಾಕ್ ಕಾರಿಗೆ ಸರಿಸಬಹುದಾದ ತೂಕಗಳನ್ನ ಕಟ್ಟಿ, ಸ್ಪ್ರಿಂಗುಗಳನ್ನ ಬದಲಿಸಿ ಬದಲಿಸಿ ಓಡಿಸಿ ನೋಡಿದವನು. 1934ರ ಜನರಲ್ ಮೋಟರ್ಸ್ ಕಾರುಗಳಿಗೆ ಮುಂದೆ ಸ್ವತಂತ್ರ ಸಸ್ಪೆನ್ಷನ್ ಬರೋಕೆ ಅವನ ಕೆಲಸ ಮುಖ್ಯ ಕಾರಣ. ಓವರ್‌ಸ್ಟಿಯರ್, ಅಂಡರ್‌ಸ್ಟಿಯರ್ ಅನ್ನೋ ವಿಚಾರಗಳನ್ನ ಎಂಜಿನಿಯರುಗಳ ಮಾತಿಗೆ ತಂದವರಲ್ಲೂ ಅವನೇ ಮುಂದಿನವನು. ಅಂಥವನು 1950ರ ದಶಕದಲ್ಲಿ, ಕೊರ್ವೇರ್ ಹೊರಬರುವ ಮುಂಚೆಯೇ, ಒಂದು ಪೇಟೆಂಟ್ ಅರ್ಜಿಯಲ್ಲಿ ಬರೆದಿದ್ದ: ಸಾಮಾನ್ಯ ಸ್ವಿಂಗ್ ಆಕ್ಸಲ್ ಜೋರು ತಿರುವಿನಲ್ಲಿ ಹಿಂಭಾಗವನ್ನ ಎತ್ತುತ್ತೆ, ಕಾರು ಓವರ್‌ಸ್ಟಿಯರ್ ಆಗೋದಷ್ಟೇ ಅಲ್ಲ, ಮಗುಚುವ ಕಡೆಗೂ ವಾಲುತ್ತೆ ಅಂತ. ಅಂದರೆ ಕಾಯಿಲೆಯ ವರದಿ ಮನೆಯ ಬೀರುವಿನಲ್ಲೇ ಇತ್ತು.

ಯುರೋಪಿನಲ್ಲೂ ಇದು ಹೊಸ ಸುದ್ದಿಯಲ್ಲ. ಆಸ್ಟ್ರಿಯಾದ ಎಡ್ಮಂಡ್ ರುಂಪ್ಲರ್ 1903ರಲ್ಲೇ ಸ್ವಿಂಗ್ ಆಕ್ಸಲ್‌ಗೆ ಪೇಟೆಂಟ್ ತಗೊಂಡಿದ್ದ. ಟಾಟ್ರಾ, ಮರ್ಸಿಡೀಸ್, ಬೀಟಲ್ ಎಲ್ಲದರಲ್ಲೂ ಅದೇ ಇತ್ತು. ಮರ್ಸಿಡೀಸ್‌ನವರು 1954ರ ಹೊತ್ತಿಗೆ ಆ ಭುಜದ ಕೀಲನ್ನ ಡಿಫರೆನ್ಷಿಯಲ್ಲಿನ ಕೆಳಗೆ ಇಳಿಸಿ, ಎರಡರ ಬದಲು ಒಂದೇ ಕೀಲು ಮಾಡಿ ಜಾಕಿಂಗನ್ನ ಬಹಳ ಕಡಿಮೆ ಮಾಡಿಕೊಂಡಿದ್ದರು. ಅದು ದುಬಾರಿ ಕಾರು, ಮಾಡಬಹುದಿತ್ತು. ಅಗ್ಗದ ಕಾರಿನವರಿಗೆ ಅಗ್ಗದ ಆಕ್ಸಲ್ಲೇ ಗತಿ.

ಈಗ ನನಗೆ ಬಹಳ ಇಷ್ಟವಾದ ಭಾಗ. ಕಾರ್ಖಾನೆ ಹಾಕದ್ದನ್ನ ಬೀದಿ ಬದಿಯ ವರ್ಕ್‌ಶಾಪಿನವರು ಹಾಕೋಕೆ ಶುರು ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ ಎಂಪಿ ಅನ್ನೋ ಸಣ್ಣ ಕಂಪನಿ ಇತ್ತು, ಬೀಟಲ್‌ಗಳಿಗೆ ಬಿಡಿಭಾಗ ಮಾಡೋರು. ಅವರು 'ಕ್ಯಾಂಬರ್ ಕಾಂಪೆನ್ಸೇಟರ್' ಅಂತ ಒಂದು ಪಟ್ಟಿ ಮಾರುತ್ತಿದ್ದರು. ಎತ್ತಿನ ಗಾಡಿಯ ನೊಗ ನೆನಪಿಸಿಕೊಳ್ಳಿ. ಡಿಫರೆನ್ಷಿಯಲ್ಲಿನ ಕೆಳಗೆ ಮಧ್ಯದಲ್ಲಿ ಒಂದು ಕೀಲು, ಎರಡು ತುದಿ ಎರಡು ಆಕ್ಸಲ್ಲಿನ ಅಡಿಗೆ. ಕಾರು ವಾಲಿದರೆ ಪಟ್ಟಿ ನೊಗದ ಹಾಗೆ ಸುಮ್ಮನೆ ಆ ಕಡೆ ಈ ಕಡೆ ತೂಗುತ್ತೆ. ಆದರೆ ಎರಡೂ ಚಕ್ರ ಒಟ್ಟಿಗೆ ಕೆಳಗೆ ಮಡಚಿಕೊಳ್ಳೋಕೆ ಹೋದರೆ ಬಿಡಲ್ಲ, ಹಿಡಿದು ನಿಲ್ಲಿಸುತ್ತೆ. ಎಷ್ಟು ಸರಳ! ಬೀಟಲ್‌ಗೂ ಬರ್ತಿತ್ತು, ಕೊರ್ವೇರ್‌ಗೂ ಬರ್ತಿತ್ತು. ಗೊತ್ತಿದ್ದವರು ಕೊಂಡು ಹಾಕಿಸಿಕೊಂಡರು.

ಇನ್ನೊಬ್ಬ ಜಾನ್ ಫಿಚ್. ಇವನ ಕಥೆಯೇ ಬೇರೆ. ರೇಸ್ ಡ್ರೈವರ್. 1955ರಲ್ಲಿ ಫ್ರಾನ್ಸಿನ ಲ ಮಾನ್ ರೇಸಿನಲ್ಲಿ ಒಂದು ಮರ್ಸಿಡೀಸ್ ಜನರ ಮೇಲೆ ಹಾರಿ 80ಕ್ಕೂ ಹೆಚ್ಚು ಜನ ಸತ್ತರಲ್ಲ, ಆ ಕಾರನ್ನ ಓಡಿಸ್ತಿದ್ದ ಪಿಯೇರ್ ಲೆವೆಯ ಜೊತೆಗಾರ ಡ್ರೈವರ್ ಇವನೇ. ಮುಂದಿನ ಸರದಿ ಇವನದಿತ್ತು. ಆಮೇಲೆ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಒಂದು ಸಣ್ಣ ಶಾಪ್ ಇಟ್ಟುಕೊಂಡು ಕೊರ್ವೇರ್‌ಗಳನ್ನ ತಿದ್ದಿ ಕೊಡ್ತಿದ್ದ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಸ್ಟಿಯರಿಂಗ್ ಎಲ್ಲ ಬದಲಿಸಿ 'ಫಿಚ್ ಸ್ಪ್ರಿಂಟ್' ಅಂತ ಹೆಸರಿಟ್ಟ. ಅಮೆರಿಕದ ಹೈವೇಗಳಲ್ಲಿ ಫ್ಲೈಓವರ್ ಕವಲೊಡೆಯುವ ಕಡೆ ಹಳದಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮುಗಳ ಸಾಲು ನೋಡಿದ್ದೀರಾ? ಒಳಗೆ ಮರಳು ತುಂಬಿರುತ್ತೆ, ಕಾರು ಬಂದು ಗುದ್ದಿದರೆ ನಿಧಾನಕ್ಕೆ ನಿಲ್ಲಿಸುತ್ತೆ. ಅದನ್ನ ಕಂಡುಹಿಡಿದವನೂ ಇವನೇ. ಆನ್‌ಸೈಟ್ ಹೋಗಿರುವ ಗೆಳೆಯರೇ, ಮುಂದಿನ ಸಲ ನೋಡಿದಾಗ ಒಂದು ನಮಸ್ಕಾರ ಹಾಕಿ.

ಕಾರ್ಖಾನೆಯವರು ಕೂಡ ಸುಮ್ಮನೆ ಕೂತಿರಲಿಲ್ಲ. 1962ರಲ್ಲಿ ಮುಂದಿನ ಕಂಬಿ ಇರುವ ಒಂದು ಹೆವಿ ಡ್ಯೂಟಿ ಸಸ್ಪೆನ್ಷನ್ ಕಿಟ್ ಆಯ್ಕೆಯಾಗಿ ಬಂತು. ಆಯ್ಕೆ! ಬೇಕಾದವರು ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಳ್ಳಿ ಅಂತ. ಅದು ಬೇಕು ಅಂತ ಗೊತ್ತಿರೋದು ಸ್ಪೋರ್ಟ್ಸ್ ಕಾರಿನ ಹುಚ್ಚಿರೋ ಹುಡುಗರಿಗೆ. ಅವರಿಗೆ ಹೇಗಿದ್ದರೂ ಓಡಿಸೋಕೆ ಬರ್ತಿತ್ತು. ಮಕ್ಕಳನ್ನ ಶಾಲೆಗೆ ಬಿಟ್ಟು ತರಕಾರಿ ತರೋಕೆ ಹೋಗುವ ಅಮ್ಮನಿಗೆ ಅಂಥ ಕಿಟ್ ಇದೆ ಅಂತ ಯಾರು ಹೇಳಬೇಕು?

ಇದೇ ಹೊತ್ತಿಗೆ ಎಡ್ ಕೋಲ್ ಮೇಲಿನ ಹುದ್ದೆಗೆ ಹೋಗಿ ಶೆವ್ರೊಲೆಗೆ ಬಂಕಿ ನುಡ್ಸನ್ ಬಂದಿದ್ದ. ಅವನು ಈ ಕಾರನ್ನ ಸರಿಮಾಡಲೇಬೇಕು ಅಂತ ಕೇಳಿದ. ಖರ್ಚು ಕಾರಿಗೆ ಸುಮಾರು 15 ಡಾಲರ್. ಮೇಲಿನವರು ದುಬಾರಿ ಅಂತ ತಳ್ಳಿಹಾಕಿದರು. ಹಾಗಾದರೆ ನಾನು ಕೆಲಸ ಬಿಡ್ತೀನಿ ಅಂದ ಮೇಲೆಯೇ ಒಪ್ಪಿದ್ದು. ಇದನ್ನ ಹೇಳಿದವನು ಅದೇ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಜಾನ್ ಡಿಲೋರಿಯನ್, ಪ್ಯಾಟ್ರಿಕ್ ರೈಟ್ ಬರೆದು 1979ರಲ್ಲಿ ಪ್ರಕಟವಾದ ಪುಸ್ತಕದಲ್ಲಿ. ಡಿಲೋರಿಯನ್ ಆ ಹೊತ್ತಿಗೆ ಕಂಪನಿಯ ಜೊತೆ ಮುನಿಸಿಕೊಂಡು ಹೊರಬಂದಿದ್ದ, ಆದ್ದರಿಂದ ಅವನ ಮಾತನ್ನ ಸ್ವಲ್ಪ ಉಪ್ಪು ಹಾಕಿಯೇ ತಿನ್ನಬೇಕು. ಆದರೆ ಫಲಿತಾಂಶ ಮಾತ್ರ ಕಣ್ಣೆದುರಿಗಿದೆ. 1964ರ ಮಾದರಿಯಲ್ಲಿ ಮುಂದಿನ ಕಂಬಿ ಎಲ್ಲ ಕಾರಿಗೂ ಬಂತು. ಹಿಂದೆ ಅಡ್ಡಡ್ಡ ಒಂದು ಪಟ್ಟಿ ಸ್ಪ್ರಿಂಗೂ ಬಂತು, ಆ ವರ್ಕ್‌ಶಾಪಿನವರು ಮಾರುತ್ತಿದ್ದ ನೊಗದ ಮೂಲತತ್ವವೇ. 1965ರಲ್ಲಂತೂ ಸ್ವಿಂಗ್ ಆಕ್ಸಲ್ಲನ್ನೇ ಕಿತ್ತು ಬಿಸಾಡಿ, ಮಣಿಕಟ್ಟಿನಲ್ಲೂ ಕೀಲಿರುವ, ಕಾರ್ವೆಟ್ ಸ್ಪೋರ್ಟ್ಸ್ ಕಾರಿನ ಮಾದರಿಯ ಸಸ್ಪೆನ್ಷನ್ ಹಾಕಿದರು. ಆ ಕಾಲದ ಅಮೆರಿಕದ ಸೆಡಾನುಗಳಲ್ಲಿ ಇಷ್ಟು ಚೆನ್ನಾಗಿ ತಿರುಗುವ ಕಾರುಗಳು ಬೆರಳೆಣಿಕೆ.

2000 ಡಾಲರಿಗೆ ಆಚೀಚೆ ಬೆಲೆಯ ಕಾರು ಅದು. 15 ಡಾಲರ್ ಅಂದರೆ ಒಂದು ಪರ್ಸೆಂಟೂ ಅಲ್ಲ. ಅದಕ್ಕೆ ನಾಲ್ಕು ವರ್ಷ ಹಿಡಿಯಿತು.

ತಡವಾಗಿಬಿಟ್ಟಿತ್ತು. 1965ರ ನವೆಂಬರ್ ಕೊನೆಯಲ್ಲಿ ರಾಲ್ಫ್ ನೇಡರ್ ಅನ್ನೋ ಮೂವತ್ತೊಂದು ವರ್ಷದ ವಕೀಲನ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕ ಬಂತು. ಇಡೀ ಪುಸ್ತಕ ಕೊರ್ವೇರ್ ಬಗ್ಗೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಹಾಗಿಲ್ಲ. ಮೊದಲನೇ ಅಧ್ಯಾಯ ಮಾತ್ರ ಅದರ ಬಗ್ಗೆ, ಅದೂ 1960ರಿಂದ 63ರ ಮಾದರಿಗಳ ಬಗ್ಗೆ. ಆ ಅಧ್ಯಾಯ ಶುರುವಾಗೋದು ಕ್ಯಾಲಿಫೋರ್ನಿಯಾದಲ್ಲಿ ಕೊರ್ವೇರ್ ಮಗುಚಿ ಎಡಗೈ ಕಳಕೊಂಡ ಒಬ್ಬ ಹೆಂಗಸಿನಿಂದ. ಆಕೆ ಹೂಡಿದ ಕೇಸನ್ನ ಕಂಪನಿ 70,000 ಡಾಲರ್ ಕೊಟ್ಟು ಮುಗಿಸಿಕೊಂಡಿತ್ತು. ಆ ಹೊತ್ತಿಗೆ ಇಂಥ ಕೇಸುಗಳು ನೂರಕ್ಕೂ ಮೇಲಿದ್ದವು. ಓಲಿಯ ಪೇಟೆಂಟ್, ಟೈರಿನ ಗಾಳಿ, ವರ್ಕ್‌ಶಾಪಿನ ಪಟ್ಟಿ ಎಲ್ಲವನ್ನೂ ನೇಡರ್ ಸಾಕ್ಷಿಯಾಗಿ ಎಳೆದು ತಂದ.

ಕಂಪನಿ ಸುಮ್ಮನಿದ್ದಿದ್ದರೆ ಬಹುಶಃ ಪುಸ್ತಕ ಮೂಲೆ ಸೇರ್ತಿತ್ತು. ಅವರು ನೇಡರ್ ಹಿಂದೆ ಪತ್ತೇದಾರರನ್ನ ಬಿಟ್ಟರು! ಅದು ಬಯಲಾಗಿ, 1966ರ ಮಾರ್ಚಿನಲ್ಲಿ ಜನರಲ್ ಮೋಟರ್ಸ್‌ನ ಅಧ್ಯಕ್ಷ ಜೇಮ್ಸ್ ರೋಚ್ ಸೆನೆಟ್ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಬೇಕಾಯ್ತು. ಪುಸ್ತಕ ರಾತ್ರೋರಾತ್ರಿ ಮನೆಮಾತಾಯ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಹನ ಸುರಕ್ಷತಾ ಕಾನೂನು ಬಂತು. ಖಾಸಗಿ ಬದುಕಿಗೆ ಕೈಹಾಕಿದ್ದಕ್ಕೆ ನೇಡರ್ ಹಾಕಿದ ಕೇಸಿನಲ್ಲಿ 1970ರಲ್ಲಿ ಕಂಪನಿ 4,25,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಎಷ್ಟು ಕಾರಿಗೆ 15 ಡಾಲರಿನ ಕಂಬಿ ಬರ್ತಿತ್ತು ಅಂತ ನೀವೇ ಭಾಗಿಸಿ ನೋಡಿ. ನಾನು ಭಾಗಿಸಿದೆ, 28 ಸಾವಿರ ಚಿಲ್ಲರೆ.

ಬೇಜಾರಿನ ವಿಷಯ ಏನೆಂದರೆ ಏಟು ಬಿದ್ದದ್ದು ತಿದ್ದಿದ ಕಾರಿಗೆ. ಪುಸ್ತಕ ಬೈದದ್ದು ಹಳೇ ಮಾದರಿಯನ್ನ, ಅಂಗಡಿಯಲ್ಲಿ ಇದ್ದದ್ದು ಹೊಸ ಮಾದರಿ. ಜನ ಹೆಸರು ನೋಡಿದರು. ಫೋರ್ಡ್ ಮಸ್ಟಾಂಗ್ ಬೇರೆ 1964ರಲ್ಲಿ ಬಂದು ಗಿರಾಕಿಗಳನ್ನ ಎಳ್ಕೊಂಡಿತ್ತು. 1965ರಲ್ಲಿ ಎರಡು ಲಕ್ಷಕ್ಕೂ ಮೇಲೆ ತಯಾರಾದ ಕೊರ್ವೇರ್ ಮರುವರ್ಷ ಒಂದು ಲಕ್ಷಕ್ಕೆ ಇಳಿಯಿತು. 1969ರ ಮಾದರಿಯಲ್ಲಿ ಬರೀ 6,000. ಆ ಮೇ ತಿಂಗಳಲ್ಲಿ ಕೊರ್ವೇರ್ ತಯಾರಿಕೆ ನಿಂತುಹೋಯಿತು.

ಇನ್ನೊಂದು ತಿರುವು ಇದೆ. ಹೊಸ ಕಾನೂನಿನಿಂದ ಹುಟ್ಟಿದ ಸುರಕ್ಷತಾ ಇಲಾಖೆಯೇ ಹಳೇ ಕೊರ್ವೇರನ್ನ ಅದೇ ಕಾಲದ ಫಾಲ್ಕನ್, ವೇಲಿಯಂಟ್, ಬೀಟಲ್ ಮುಂತಾದವುಗಳ ಜೊತೆ ಓಡಿಸಿ ನೋಡಿ 1972ರಲ್ಲಿ ವರದಿ ಕೊಟ್ಟಿತು. ಕೊರ್ವೇರ್ ಉಳಿದವುಗಳಿಗಿಂತ ಹೆಚ್ಚೇನೂ ಮಗುಚುವ ಕಾರಲ್ಲ, ಅವುಗಳಿಗೆ ಸರಿಸಮವೇ ಇದೆ ಅಂತ. ಕೊರ್ವೇರ್ ಅಭಿಮಾನಿಗಳು ಈ ವರದಿಯನ್ನ ಫ್ರೇಮು ಹಾಕಿಸಿ ಇಟ್ಟುಕೊಂಡಿದ್ದಾರೆ. ನೇಡರ್ ಸುಳ್ಳುಗಾರ, ನೋಡಿ, ಅಂತ.

ನಾನು ಈ ಕಡೆ ಆ ಕಡೆ ಎರಡೂ ಓದಿದೆ. ವರದಿಯನ್ನ ಒಪ್ತೀನಿ. ಆದರೆ "ಅವರ ಕಾರೂ ನಮ್ಮಷ್ಟೇ ಕೆಟ್ಟದು" ಅನ್ನೋದು ಎಂಜಿನಿಯರ್ ಕೊಡಬೇಕಾದ ಉತ್ತರ ಅಲ್ಲ ಅನ್ಸುತ್ತೆ. ಬೇರೆಯವರಿಗೆ ಗೊತ್ತಿತ್ತೋ ಇಲ್ಲವೋ, ಇವರಿಗೆ ಗೊತ್ತಿತ್ತು. ಕಂಬಿ ಡ್ರಾಯಿಂಗಿನಲ್ಲಿತ್ತು, ಪಟ್ಟಿ ಅಂಗಡಿಯಲ್ಲಿತ್ತು. ಬಡಪಾಯಿ ಮಾಲೀಕನ ಕೈಗೆ ಗಾಳಿಯ ಗೇಜು ಕೊಟ್ಟು ಕಳಿಸಿದರು.

ಈಗ ನಮ್ಮ ಹೆರಾಲ್ಡಿಗೆ ಬರೋಣ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಕೂಡ ಹುಟ್ಟಿದ್ದು 1959ರಲ್ಲೇ. ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ಎಂಜಿನ್ ಮುಂದೆ, ಹಿಂದೆ ಅಡ್ಡ ಪಟ್ಟಿ ಸ್ಪ್ರಿಂಗಿನ ಸ್ವಿಂಗ್ ಆಕ್ಸಲ್. 1961ರಿಂದ ಮದರಾಸಿನ ಹತ್ತಿರದ ವಂಡಲೂರಿನಲ್ಲಿ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್‌ನವರು ಅದನ್ನ ಸ್ಟ್ಯಾಂಡರ್ಡ್ ಹೆರಾಲ್ಡ್ ಹೆಸರಿನಲ್ಲಿ ಮಾಡಿದರು. ಅಂಬಾಸಿಡರ್, ಫಿಯೆಟ್, ಹೆರಾಲ್ಡ್, ಆ ಕಾಲದಲ್ಲಿ ನಮಗಿದ್ದದ್ದು ಇವು ಮೂರು. ಮೊದಲೆರಡಕ್ಕೂ ಹಿಂದೆ ಗಟ್ಟಿ ಆಕ್ಸಲ್, ಚಕ್ರ ಸದಾ ಸಿಪಾಯಿ ಹಾಗೆ ನೆಟ್ಟಗೆ. ಮೂರನೆಯದು ಮಾತ್ರ ಕೋಳಿ ಕಾಲು. ನಾಲ್ಕು ಬಾಗಿಲಿನ ಹೆರಾಲ್ಡ್ ಇಡೀ ಪ್ರಪಂಚದಲ್ಲಿ ತಯಾರಾದದ್ದು ನಮ್ಮಲ್ಲಿ ಮಾತ್ರ ಅನ್ನೋದು ನನಗೆ ಈಗ ಗೊತ್ತಾದ ವಿಷಯ. ದೊಡ್ಡಪ್ಪನದು ಅದೇ.

ಇಂಗ್ಲೆಂಡಿನಲ್ಲಿ ಹೆರಾಲ್ಡಿನ ಚಾಸಿಯಿಂದ ಹುಟ್ಟಿದ ಸ್ಪೋರ್ಟ್ಸ್ ಕಾರುಗಳನ್ನ ಪತ್ರಿಕೆಯವರು ಬೈದ ಮೇಲೆ ಟ್ರಯಂಫ್‌ನವರು ತಿದ್ದಿದರು. 1968ರಲ್ಲಿ ಜಿಟಿ6ಗೆ ಹಿಂದೆ ಕೆಳಗಿನ ವಿಶ್‌ಬೋನ್ ಬಂತು. 1970ರಲ್ಲಿ ಸ್ಪಿಟ್‌ಫೈರ್ ಕಾರಿನ ಪಟ್ಟಿ ಸ್ಪ್ರಿಂಗಿನ ಬಹುಪಾಲು ಎಲೆಗಳನ್ನ ಮಧ್ಯದಲ್ಲಿ ತೂಗುವ ಹಾಗೆ ಮಾಡಿ, ಮುಂದೆ ಇನ್ನೂ ದಪ್ಪ ಕಂಬಿ ಹಾಕಿದರು. ಅದೇ ನೊಗ, ಅದೇ ಕಂಬಿ. ಪಾಪದ ಹೆರಾಲ್ಡಿಗೆ ಮಾತ್ರ ಕೊನೆ ತನಕ ಇದು ಸಿಗಲಿಲ್ಲ. ಅಲ್ಲಿನ ಹೆರಾಲ್ಡ್ ಪ್ರಿಯರು ಹಳೇ ಸ್ಪಿಟ್‌ಫೈರಿನಿಂದ ಆ ಸ್ಪ್ರಿಂಗ್ ಬಿಚ್ಚಿ ತಮ್ಮ ಕಾರಿಗೆ ಹಾಕಿಕೊಳ್ಳುತ್ತಾ ಬಂದಿದ್ದಾರೆ. ನಮ್ಮಲ್ಲಿ? 1972ರಲ್ಲಿ ಹೆರಾಲ್ಡನ್ನೇ ತಿದ್ದಿ ಸ್ಟ್ಯಾಂಡರ್ಡ್ ಗಝೆಲ್ ಮಾಡಿದಾಗ ಸ್ವಿಂಗ್ ಆಕ್ಸಲ್ ತೆಗೆದು ಅಂಬಾಸಿಡರಿನ ಹಾಗೆ ಗಟ್ಟಿ ಆಕ್ಸಲ್ ಹಾಕಿಬಿಟ್ಟರು. ನಮ್ಮ ಮೆಕ್ಯಾನಿಕ್ಕುಗಳಿಗೂ ಅದೇ ಬೇಕಿತ್ತು.

ಹೋದ ವಾರ ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿದೆ, ಘಾಟಿಯಲ್ಲಿ ಹೇಗೆ ಓಡಿಸ್ತಿದ್ರಿ ಅದನ್ನ ಅಂತ. "ತಿರುವಿನ ಮಧ್ಯೆ ಕಾಲು ತೆಗೀಬಾರದು ಕಣೋ. ತಿರುವಿಗೆ ಮುಂಚೆ ನಿಧಾನ ಮಾಡ್ಬೇಕು, ಒಳಗೆ ಹೋದ್ಮೇಲೆ ಹೆದರಿ ಬಿಟ್ಟರೆ ಹಿಂದ್ಗಡೆ ಎತ್ತುತ್ತೆ. ಡಿಕ್ಕಿಯಲ್ಲಿ ಕಾಫಿ ಮೂಟೆ ಇದ್ದರೆ ಆರಾಮು, ಖಾಲಿ ಇದ್ದರೆ ಹುಷಾರು" ಅಂದರು. ಎಸ್ಸೆಸ್ಸೆಲ್ಸಿ ಓದಿದವರು. ಮೂಟೆ ಇದ್ದರೆ ಹಿಂಭಾಗ ತಗ್ಗಿ ಚಕ್ರದ ತಲೆ ಒಳಗೆ ವಾಲುತ್ತೆ, ಮಡಚಿಕೊಳ್ಳೋಕೆ ದೂರ ಜಾಸ್ತಿ. ನನಗೆ ನಾಲ್ಕು ಮಾರ್ಕ್ಸ್ ಕೊಟ್ಟ ಉತ್ತರಪತ್ರಿಕೆಯಲ್ಲಿ ಇದು ಇರಲಿಲ್ಲ.

ನನ್ನ ಕಾರಿನ ಕಥೆ ಹೇಳ್ತೀನಿ ಅಂದಿದ್ದೆ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ ಮೇಲೆ ನೋಡೋಕೆ ಚೆನ್ನಾಗಿತ್ತು. ನಮ್ಮ ಏರಿಯಾದ ಮೊದಲ ಹಂಪಿನಲ್ಲೇ ಹೊಟ್ಟೆ ಉಜ್ಜಿತು. ಅದೂ ಹೋಗಲಿ, ತಿರುವಿನಲ್ಲಿ ವಾಲೋದು ನಾನು ಅಂದುಕೊಂಡಷ್ಟು ಕಡಿಮೆ ಆಗಲಿಲ್ಲ. ಯಾಕೆ ಅಂದರೆ ನನ್ನ ಕಾರಿನ ಮುಂದಿರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಕಾರನ್ನ ತಗ್ಗಿಸಿದರೆ ಅದರ ತೂಕದ ಕೇಂದ್ರ ಎಷ್ಟು ಇಳಿಯುತ್ತೋ ಅದಕ್ಕಿಂತ ಹೆಚ್ಚು ಅದು ವಾಲುವ ಕೇಂದ್ರ ಇಳಿಯುತ್ತೆ. ಎರಡರ ಮಧ್ಯೆ ಅಂತರ ಹೆಚ್ಚಾಗಿ ವಾಲಿಸುವ ಸನ್ನೆ ಇನ್ನೂ ಉದ್ದ ಆಗುತ್ತೆ. ಸ್ಪ್ರಿಂಗ್ ಗಟ್ಟಿಯಾದ ಲಾಭವನ್ನ ಅದು ತಿಂದುಹಾಕುತ್ತೆ. ಇದು ನಾನು ಪರೀಕ್ಷೆಗೆ ಓದಿದ್ದ ವಿಷಯವೇ!

ಮೂರು ತಿಂಗಳಲ್ಲಿ ಎಲ್ಲ ಬಿಚ್ಚಿಸಿ ಕಂಪನಿಯ ಅಳತೆಯ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು, ಸವೆದು ಹೋಗಿದ್ದ ಬುಶ್ಶುಗಳು, ನಾಲ್ಕು ಒಳ್ಳೆ ಟೈರು ಹಾಕಿಸಿದೆ. ಅರ್ಧ ಕಾಯಿಲೆ ಬರೀ ಸವೆತದ್ದೇ ಆಗಿತ್ತು. ಮುಂದಿನದು ಆಂಟಿ ರೋಲ್ ಬಾರ್. ನನ್ನದು ಮುಂದಿನ ಚಕ್ರ ಎಳೆಯುವ ಕಾರು, ಮೂಗು ಭಾರ, ಮೊದಲೇ ಅಂಡರ್‌ಸ್ಟಿಯರ್. ಹಾಗಾಗಿ ಕೊರ್ವೇರಿಗೆ ಮುಂದೆ ಬೇಕಿದ್ದ ಕಂಬಿ ನನಗೆ ಹಿಂದೆ ಬೇಕು. ಎಷ್ಟು ದಪ್ಪದ್ದು ಅಂತ ಇನ್ನೂ ಲೆಕ್ಕ ಹಾಕ್ತಾ ಇದ್ದೀನಿ, ಜಾಸ್ತಿ ಆದರೆ ನನ್ನ ಕಾರಿಗೂ ಬಾಲ ಬರುತ್ತೆ. ಯಾರಾದರೂ ಹಾಕಿಸಿದ್ದರೆ ಕಾಮೆಂಟಿನಲ್ಲಿ ತಿಳಿಸಿ.

ಅಲ್ಲಿಯವರೆಗೆ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರೋ ಸ್ಟಿಕ್ಕರ್ ನೋಡಿ ಗಾಳಿ ಹಾಕಿಸ್ತಿದ್ದೀನಿ. ಮುಂದಿನದಕ್ಕೂ ಹಿಂದಿನದಕ್ಕೂ ಎರಡು ಪಾಯಿಂಟ್ ವ್ಯತ್ಯಾಸ ಇದೆ. ಮೊನ್ನೆ ಹಾಸನದ ಬಂಕಿನಲ್ಲಿ ಹೇಳಿದೆ. ಹುಡುಗ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಕಾರು ನೋಡಿದ, "ನಾಲ್ಕಕ್ಕೂ ಮೂವತ್ತೈದು ಹಾಕ್ಬಿಡ್ತೀನಿ ಸಾರ್" ಅಂದ.